ಹುಲಿಕಲ್ ಘಾಟಿಯಲ್ಲಿ ಲಾರಿ ರೇಡಿಯೊ

ಮೊನ್ನೆ ನನ್ನ ಮೊಮ್ಮಗಳು ಅಟ್ಟದ ಮೇಲಿನ ಪೆಟ್ಟಿಗೆಯಿಂದ ಒಂದು ತುಕ್ಕು ಹಿಡಿದ ಬೋಲ್ಟು, ಹಳೆಯ ಟ್ಯೂಬಿನ ಎರಡು ತುಂಡು ಮತ್ತು ಅರ್ಧ ಮೀಟರ್ ಉದ್ದದ ಸ್ಟೀಲ್ ಕಡ್ಡಿಯೊಂದನ್ನು ತಂದು ನನ್ನ ಮುಂದಿಟ್ಟಳು. "ಅಜ್ಜ, ಇದನ್ನು ಗುಜರಿಗೆ ಹಾಕ್ಲಾ?" ಎಂದು ಕೇಳಿದಳು. "ಬೇಡ ಮಗಳೇ, ಅದು ಹುಲಿಕಲ್ ಘಾಟಿ ಇಳಿದು ಬಂದ ಸಾಮಾನು" ಎಂದೆ. "ಹಾಗಾದ್ರೆ ಕಥೆ ಹೇಳು" ಎಂದು ಪಕ್ಕದಲ್ಲೇ ಕೂತಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಓದಿದ್ದು ಬಿ.ಕಾಂ. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದೆ. ಲೆಡ್ಜರು, ಡೇ ಬುಕ್ಕು, ಚಲನ್ನು ಇವೇ ನನ್ನ ಪ್ರಪಂಚ. ಆದರೆ 1980ರ ದಶಕದಲ್ಲಿ ಗೆಳೆಯರೊಬ್ಬರ ಮನೆಯಲ್ಲಿ ಹ್ಯಾಮ್ ರೇಡಿಯೊ ನೋಡಿದೆ. ಪುಟ್ಟ ಕೋಣೆಯಲ್ಲಿ ಕುಳಿತು ಅವರು ಸಮುದ್ರದಾಚೆಯ ಯಾರೋ ಒಬ್ಬರೊಡನೆ ಮಾತಾಡುತ್ತಿದ್ದರು. ಅಂದೇ ಆ ಹುಚ್ಚು ಹತ್ತಿತು. ಹವ್ಯಾಸಿ ರೇಡಿಯೊ ಇಟ್ಟುಕೊಳ್ಳಬೇಕಾದರೆ ಸರ್ಕಾರದ ಪರೀಕ್ಷೆ ಪಾಸಾಗಿ ಪರವಾನಗಿ ಪಡೆಯಬೇಕು. ಆಗ ಎರಡನೇ ದರ್ಜೆಗೂ ನಿಮಿಷಕ್ಕೆ ಐದು ಪದದ ವೇಗದಲ್ಲಿ ಮೋರ್ಸ್ ಸಂಕೇತ ಬರಬೇಕಿತ್ತು. ಕೌಂಟರಿನಲ್ಲಿ ಗಿರಾಕಿಗಳಿಲ್ಲದಾಗ ಪೆನ್ನಿನಿಂದ ಮೇಜಿನ ಮೇಲೆ ಟಕ್ ಟಕಾ ಟಕ್ ಎಂದು ಕುಟ್ಟುತ್ತಿದ್ದೆ. ಮ್ಯಾನೇಜರಿಗೆ ನನ್ನ ತಲೆ ಕೆಟ್ಟಿದೆ ಎಂಬ ಅನುಮಾನ ಬಂದಿತ್ತು. ಮಕ್ಕಳೇ, ಹನ್ನೆರಡು ವರ್ಷ ತುಂಬಿದವರೂ ಈ ಪರೀಕ್ಷೆ ಬರೆಯಬಹುದು. ಈ ರೇಡಿಯೊದಿಂದ ದುಡ್ಡು ಮಾಡುವ ಹಾಗಿಲ್ಲ, ವ್ಯಾಪಾರದ ಮಾತು ಆಡುವ ಹಾಗಿಲ್ಲ. ಕಲಿಯಲಿಕ್ಕೆ, ಗೆಳೆತನಕ್ಕೆ, ಕಷ್ಟಕಾಲದ ನೆರವಿಗೆ ಮಾತ್ರ.

ನಿವೃತ್ತನಾದ ಕೆಲವು ವರ್ಷಗಳ ಮೇಲೆ ಒಂದು ಡಿಸೆಂಬರಿನಲ್ಲಿ ನಮ್ಮೂರು ಶಿವಮೊಗ್ಗದ ಯುವಕರ ತಂಡವೊಂದು ಮಕ್ಕಳ ಸೈಕಲ್ ಯಾತ್ರೆ ಏರ್ಪಡಿಸಿತು. ಹೈಸ್ಕೂಲಿನ ಮೂವತ್ತೆರಡು ಮಕ್ಕಳು ತೀರ್ಥಹಳ್ಳಿಯಿಂದ ಹೊರಟು ಯಡೂರು, ಮಾಸ್ತಿಕಟ್ಟೆ ದಾಟಿ ಹುಲಿಕಲ್ ಘಾಟಿ ಇಳಿದು, ಹೊಸಂಗಡಿ, ಸಿದ್ದಾಪುರದ ಮೇಲೆ ಕುಂದಾಪುರದ ಕಡಲು ಮುಟ್ಟಬೇಕು. ಗಂಟುಮೂಟೆ, ಅಡುಗೆ ಸಾಮಾನು, ನೀರಿನ ಡ್ರಮ್ಮು ಸಾಗಿಸಲು ಪರಿಚಯದ ಮಾಲೀಕರೊಬ್ಬರು ತಮ್ಮ ಆರು ಚಕ್ರದ ಲಾರಿಯನ್ನು ಬಾಡಿಗೆಯಿಲ್ಲದೆ ಕೊಟ್ಟರು. ಕಾಡಿನಲ್ಲಿ ಮೊಬೈಲು ಸಿಗುವುದಿಲ್ಲವಲ್ಲ, ಆದ್ದರಿಂದ ನಮ್ಮನ್ನು, ಅಂದರೆ ಹ್ಯಾಮ್ ಗೆಳೆಯರನ್ನು, ಕರೆದರು. ಪರವಾನಗಿ ಇದ್ದ ಮೂವರು ಕೈರೇಡಿಯೊ ಹಿಡಿದು ಮಕ್ಕಳ ಜೊತೆ ಹೋಗುವುದು, ನಾಲ್ಕನೆಯವರು ಘಾಟಿಯ ಕೆಳಗೆ ಜೀಪಿನಲ್ಲಿರುವುದು, ವಯಸ್ಸಾದ ನಾನು ಲಾರಿಯಲ್ಲಿ ದೊಡ್ಡ ಸೆಟ್ಟಿನೊಂದಿಗೆ ಕೂರುವುದು ಎಂದಾಯಿತು. ಕಾಗದಪತ್ರಗಳನ್ನೆಲ್ಲ ಸರಿಮಾಡಿಕೊಂಡೆವು.

ಲಾರಿಗೆ ರೇಡಿಯೊ ಕೂರಿಸುವುದು ಕಾರಿಗೆ ಕೂರಿಸಿದಂತಲ್ಲ. ನಮ್ಮ ಲಾರಿಯ ಕ್ಯಾಬಿನ್ನು ಬಾಡಿ ಕಟ್ಟುವವರು ಮರದಲ್ಲಿ ಕಟ್ಟಿದ್ದು. ನೋಡಲು ಚೆಂದ, ಬಣ್ಣದ ಹೂಬಳ್ಳಿ, ನವಿಲು ಎಲ್ಲ ಇತ್ತು. ಆದರೆ ಚಾವಣಿಯ ಮೇಲೆ ನಿಲ್ಲಿಸುವ ಕಾಲು ತರಂಗದ ಆಂಟೆನಾಗೆ ಕೆಳಗೆ ಲೋಹದ ಹಾಸು ಬೇಕು. ಇಲ್ಲದಿದ್ದರೆ ಅದು ನೆಲವಿಲ್ಲದೆ ನಿಂತ ಮನುಷ್ಯನ ಹಾಗೆ. ಅದಕ್ಕೆ ಮೂರಡಿ ಚೌಕದ ತಗಡು ತಂದು ಚಾವಣಿಗೆ ಬಿಗಿದು, ನಡುವೆ ಆಂಟೆನಾ ನಿಲ್ಲಿಸಿದೆ. ನಾವು ಬಳಸುವುದು 145 ಮೆಗಾಹರ್ಟ್ಸ್ ಆಸುಪಾಸಿನ ಅಲೆ. ಅದರ ಉದ್ದ ಸುಮಾರು ಎರಡು ಮೀಟರ್. ಅದರ ಕಾಲು ಭಾಗ ಎಂದರೆ ಅರ್ಧ ಮೀಟರ್. ಮೊಮ್ಮಗಳು ತಂದ ಕಡ್ಡಿ ಅದೇ. ಮಲೆನಾಡಿನ ರಸ್ತೆಯಲ್ಲಿ ಮರದ ಕೊಂಬೆಗಳು ಲಾರಿಯ ತಲೆ ಸವರುತ್ತವೆ. ಆದ್ದರಿಂದ ಕಡ್ಡಿಯ ಬುಡಕ್ಕೆ ಸ್ಪ್ರಿಂಗು ಹಾಕಿದೆ. ಕೊಂಬೆ ತಾಗಿದರೆ ಬಾಗಿ ಮತ್ತೆ ನಿಲ್ಲುತ್ತದೆ.

ಎರಡನೆಯ ಶತ್ರು ಕುಲುಕಾಟ. ಗುಂಡಿ ಬಿದ್ದ ರಸ್ತೆಯಲ್ಲಿ ಭಾರದ ಲಾರಿ ಹತ್ತು ಮೈಲಿ ಹೋದರೆ ಬಿಗಿದ ನಟ್ಟು ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಒಳಗೆ ನೈಲಾನ್ ಬಳೆ ಇರುವ ನಟ್ಟುಗಳನ್ನೇ ಹಾಕಿ, ಸೆಟ್ಟಿನ ಚೌಕಟ್ಟಿನ ಕೆಳಗೆ ಹಳೆಯ ಟ್ಯೂಬಿನ ತುಂಡುಗಳನ್ನು ಮೆತ್ತೆಯಾಗಿ ಇಟ್ಟೆ. ವೈರುಗಳನ್ನು ಅಡಿಗೊಂದು ಕಡೆ ಕಟ್ಟಿದೆ. ಸಡಿಲ ಬಿಟ್ಟ ವೈರು ಲೋಹದ ಅಂಚಿಗೆ ಉಜ್ಜಿ ಉಜ್ಜಿ ಸಿಪ್ಪೆ ಹೋದರೆ ಬೆಂಕಿಯೇ ಗತಿ. ಇಂಜಿನ್ ಕಡೆಯಿಂದ ತಗಡು ತೂರಿ ಒಳಬರುವ ಕಡೆ ರಬ್ಬರ್ ಕೊಳವೆ ತೊಡಿಸಿದೆ. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸು ಹಾಕಿದೆ. ಫ್ಯೂಸನ್ನು ರೇಡಿಯೊ ಹತ್ತಿರ ಮಾತ್ರ ಹಾಕಿದರೆ ನಡುದಾರಿಯಲ್ಲಿ ವೈರು ಸುಟ್ಟಾಗ ಅದು ಕಾಪಾಡುವುದಿಲ್ಲ. ಡೀಸೆಲ್ ಇಂಜಿನ್ನಿಗೆ ಪೆಟ್ರೋಲ್ ಗಾಡಿಯಂತೆ ಸ್ಪಾರ್ಕ್ ಪ್ಲಗ್ ಇಲ್ಲ. ಅದರಿಂದ ರೇಡಿಯೊದಲ್ಲಿ ಪಟಪಟ ಸದ್ದು ಕಡಿಮೆ. ಅದೊಂದು ಅನುಕೂಲ.

ಮಕ್ಕಳೇ, ಮೈಸೂರಿನಲ್ಲಿ 1935ರಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ಆರಂಭಿಸಿದರು. ಆಗ ಅವರ ಬಳಿ ಇದ್ದದ್ದು 30 ವ್ಯಾಟ್‌ನ ಯಂತ್ರ. ಲಾರಿಯಲ್ಲಿ ನಾನು ಕೂರಿಸಿದ ಸೆಟ್ಟನ್ನು ಓಡಿಸಿದ್ದು 25 ವ್ಯಾಟ್‌ನಲ್ಲಿ. ಊಟದ ಡಬ್ಬಿಯಷ್ಟು ಪೆಟ್ಟಿಗೆ, ಹೆಚ್ಚುಕಡಿಮೆ ಅಷ್ಟೇ ಶಕ್ತಿ. ಇದನ್ನು ಡ್ರೈವರಣ್ಣನಿಗೆ ಹೇಳಿದಾಗ ಅವರು ಸೆಟ್ಟಿಗೊಂದು ನಮಸ್ಕಾರ ಹಾಕಿದರು.

ಆ ಡ್ರೈವರಣ್ಣ ಐವತ್ತರ ಆಸುಪಾಸಿನವರು, ತೀರ್ಥಹಳ್ಳಿ ಕಡೆಯವರು. ಮಾತು ಕಡಿಮೆ, ಕಣ್ಣು ಚುರುಕು. ನಾನು ವೈರು ಜೋಡಿಸುವುದನ್ನು ನೋಡುತ್ತ ನಿಂತಿದ್ದರು. ದೊಡ್ಡ ಲಾರಿಗಳಲ್ಲಿ ಇರುವುದು 24 ವೋಲ್ಟ್. 12 ವೋಲ್ಟ್‌ನ ಎರಡು ಬ್ಯಾಟರಿಗಳನ್ನು ಒಂದರ ಹಿಂದೆ ಒಂದು ಜೋಡಿಸಿರುತ್ತಾರೆ. ನನ್ನ ರೇಡಿಯೊಗೆ ಬೇಕಾದದ್ದು 12. ಇಪ್ಪತ್ತನಾಲ್ಕನ್ನು ಹನ್ನೆರಡು ಮಾಡಿಕೊಡುವ ಕನ್ವರ್ಟರ್ ಎಂಬ ಪೆಟ್ಟಿಗೆ ಸಿಗುತ್ತದೆ. ಅದಕ್ಕೆ ಒಂದಿಷ್ಟು ಸಾವಿರ ರೂಪಾಯಿ. ಮೂರು ದಿನದ ಯಾತ್ರೆಗೆ ಯಾಕೆ ಖರ್ಚು ಎಂದು ನಾನು ಕೆಳಗಿನ ಬ್ಯಾಟರಿಯೊಂದರಿಂದಲೇ 12 ವೋಲ್ಟ್ ಎಳೆದುಕೊಂಡೆ.

"ಸಾರ್, ಒಂದೇ ಬ್ಯಾಟರಿಗೆ ಕಟ್ತಿದ್ದೀರಲ್ಲ, ಅದೊಂದಕ್ಕೇ ಭಾರ ಆಗಲ್ವಾ?" ಎಂದು ಕೇಳಿದರು ಡ್ರೈವರಣ್ಣ.

"ಇಷ್ಟು ದೊಡ್ಡ ಲಾರಿ, ಇಷ್ಟು ಸಣ್ಣ ರೇಡಿಯೊ. ಆನೆ ಮೇಲೆ ಇರುವೆ ಕೂತರೆ ಆನೆಗೆ ಭಾರವಾ ಮಾರಾಯ್ರೆ?" ಎಂದು ನಕ್ಕುಬಿಟ್ಟೆ. ಅವರು ಮತ್ತೆ ಮಾತಾಡಲಿಲ್ಲ. ಓದಿದವರು, ಪರೀಕ್ಷೆ ಪಾಸಾದವರು, ಇವರಿಗೆ ಗೊತ್ತಿರಬೇಕು ಅಂದುಕೊಂಡರೇನೋ.

ಯಾತ್ರೆ ಹೊರಟಿತು. ಮೊದಲ ದಿನ ತೀರ್ಥಹಳ್ಳಿಯಲ್ಲಿ ತುಂಗೆಯನ್ನು ನೋಡಿಕೊಂಡು ಮಕ್ಕಳು ಸೈಕಲ್ ತುಳಿದರು. ಅಡಿಕೆ ತೋಟ, ಗದ್ದೆ, ಮತ್ತೆ ಕಾಡು. ಯಡೂರು ದಾಟಿದ ಮೇಲೆ ಗಾಳಿಯೇ ಬೇರೆ. ಮಾಸ್ತಿಕಟ್ಟೆಯ ಹತ್ತಿರ ವಾರಾಹಿ ನದಿಗೆ ಕಟ್ಟಿದ ಮಾಣಿ ಅಣೆಕಟ್ಟು ಇದೆ. ಆ ನೀರು ಘಟ್ಟದೊಳಗಿನಿಂದ ಇಳಿದು ಹೊಸಂಗಡಿ ಕಡೆಯ ಭೂಗರ್ಭ ವಿದ್ಯುದಾಗಾರದಲ್ಲಿ 460 ಮೆಗಾವ್ಯಾಟ್‌ವರೆಗೆ ವಿದ್ಯುತ್ ಮಾಡುತ್ತದೆ. ನಾವು ಚಕ್ರದ ಮೇಲೆ ಇಳಿಯಬೇಕಾದ ಅದೇ ಇಳಿಜಾರನ್ನು ನೀರು ಸುರಂಗದಲ್ಲಿ ಇಳಿಯುತ್ತದೆ ಎಂದರೆ ಮಕ್ಕಳಿಗೆ ಭಾರಿ ಕುತೂಹಲ. ಹುಲಿಕಲ್ ಎಂದರೆ ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಒಂದು. ಡಿಸೆಂಬರಿನಲ್ಲಿ ಮಳೆಯಿಲ್ಲ, ಆದರೆ ಕಲ್ಲಿಗೆ, ಮೋರಿಗೆ, ಮರಕ್ಕೆ ಹಸಿರು ಪಾಚಿ ಹಾಗೇ ಇತ್ತು.

ಘಾಟಿಯ ತಲೆಗೆ ಹತ್ತಿರವಾಗಿ, ಕೆಳಗಿನ ಕಣಿವೆ ತೆರೆದುಕೊಳ್ಳುವ ಒಂದು ಬಯಲಿನಲ್ಲಿ ಬಿಡಾರ ಹೂಡಿದೆವು. ಲಾರಿಯನ್ನು ಅಲ್ಲಿ ನಿಲ್ಲಿಸಲು ನಾನೇ ಹೇಳಿದ್ದು. ನಮ್ಮ ಅಲೆ ಬೆಳಕಿನಂತೆ ಹೆಚ್ಚುಕಡಿಮೆ ನೇರ ಹೋಗುತ್ತದೆ. ಗುಡ್ಡ ಅಡ್ಡ ಬಂದರೆ ನಿಂತುಬಿಡುತ್ತದೆ. ತಿರುವಿನಲ್ಲಿರುವ ಕೈರೇಡಿಯೊಗೆ ಕೆಳಗಿನ ಜೀಪು ಕೇಳಿಸದು. ಆದರೆ ಎತ್ತರದಲ್ಲಿರುವ ಲಾರಿಗೆ ಇಬ್ಬರೂ ಕೇಳಿಸುತ್ತಾರೆ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸುವುದು ನನ್ನ ಕೆಲಸ.

ಎರಡನೆಯ ದಿನ ಮಕ್ಕಳು ಗುಂಪು ಗುಂಪಾಗಿ ಕಾಡಿನಂಚಿನಲ್ಲಿ ಗಿಡಮರ ನೋಡಲು ನಡೆದರು. ಲಾರಿ ನಿಂತಲ್ಲೇ ನಿಂತಿತ್ತು, ಇಂಜಿನ್ ಬಂದ್. ರೇಡಿಯೊ ಮಾತ್ರ ಹಗಲು ರಾತ್ರಿ ಚಾಲೂ. "ಎಲ್ಲಿದ್ದೀರಿ, ಓವರ್", "ಹಳ್ಳ ದಾಟಿದೆವು, ಓವರ್" ಎಂದು ಮಾತೇ ಮಾತು. ಸಂಜೆ ಸಂಘಟಕರು ಬಂದು "ಸಾರ್, ನಿಮ್ಮ 12 ವೋಲ್ಟ್‌ಗೆ ನಮ್ಮ ಮೊಬೈಲ್ ಚಾರ್ಜರ್ ಹಾಕಬಹುದಾ?" ಎಂದರು. ಹಾಕಿಕೊಳ್ಳಿ ಎಂದೆ. ಆಮೇಲೆ ಅಡುಗೆಯವರ ದೀಪವೂ ಬಂತು. ಎಲ್ಲ ಸೇರಿ ಒಂದೇ ಬ್ಯಾಟರಿಯನ್ನು ಹೀರಿದವು. ಅದರ ಮೇಲಿನ ಅಣ್ಣ ಬ್ಯಾಟರಿ ಏನೂ ಖರ್ಚಿಲ್ಲದೆ ಸುಖವಾಗಿತ್ತು.

ಮೂರನೆಯ ದಿನ ಬೆಳಗ್ಗೆ ಮಂಜು ಮುಸುಕಿತ್ತು. ವಾಹನಗಳ ಓಡಾಟ ಹೆಚ್ಚುವ ಮೊದಲೇ ಮಕ್ಕಳು ನಿಧಾನವಾಗಿ ಇಳಿಯಬೇಕೆಂದು ಗುಂಪುಗಳನ್ನು ಒಂದೊಂದಾಗಿ ಬಿಟ್ಟರು. ಕೊನೆಯ ಗುಂಪಿನ ಹಿಂದೆ ಲಾರಿ. ಡ್ರೈವರಣ್ಣ ದೇವರ ಪಟಕ್ಕೆ ಊದುಬತ್ತಿ ಹಚ್ಚಿ ಕೀಲಿ ತಿರುಗಿಸಿದರು. ಟಕ್. ಮತ್ತೆ ತಿರುಗಿಸಿದರು. ಟಕ್ ಟಕ್. ಇಂಜಿನ್ ಅಲ್ಲಾಡಲಿಲ್ಲ.

ನನ್ನ ಎದೆ ಧಸಕ್ಕೆಂದಿತು. ಮೀಟರ್ ಹಿಡಿದು ನೋಡಿದೆ. ಒಂದು ಬ್ಯಾಟರಿ 12.6 ವೋಲ್ಟ್, ನನ್ನ ರೇಡಿಯೊದ ಬ್ಯಾಟರಿ 11.6. ಎರಡೂ ಒಟ್ಟಿಗೆ ದುಡಿದರೆ ಮಾತ್ರ ಸ್ಟಾರ್ಟರ್ ತಿರುಗುತ್ತದೆ. ಒಂದು ಸೋತರೆ ಇನ್ನೊಂದರ ಬಲ ನಿಷ್ಪ್ರಯೋಜಕ.

ಅಷ್ಟರಲ್ಲೇ ರೇಡಿಯೊದಲ್ಲಿ ದನಿ ಬಂತು. ಎರಡನೆಯ ಗುಂಪಿನ ಹುಡುಗನೊಬ್ಬ ತಿರುವಿನ ಮರಳಿನಲ್ಲಿ ಜಾರಿ ಬಿದ್ದಿದ್ದ. ಮಣಿಕಟ್ಟು ಊದಿದೆ, ತಲೆಗೆ ಹೆಲ್ಮೆಟ್ ಇದ್ದುದರಿಂದ ಪೆಟ್ಟಿಲ್ಲ, ಲಾರಿ ಬೇಗ ಕಳಿಸಿ ಎಂದರು. ಕಳಿಸಲು ಲಾರಿ ಏಳಬೇಕಲ್ಲ! ಕೆಳಗಿನ ಜೀಪನ್ನು ಕರೆಯೋಣವೆಂದು ಮೈಕಿನ ಗುಂಡಿ ಒತ್ತಿದೆ. ಸೆಟ್ಟಿನ ದೀಪ ಮಿನುಗಿ ಆರಿಹೋಯಿತು. 25 ವ್ಯಾಟ್ ಎಳೆಯಲು ಆ ಬ್ಯಾಟರಿಯಲ್ಲಿ ಬಲವಿರಲಿಲ್ಲ.

"ಸಾರ್, ಪಕ್ಕದ ಬ್ಯಾಟರಿಗೆ ಕಟ್ಟಿ" ಎಂದು ಕ್ಲೀನರ್ ಹುಡುಗ ವೈರಿಗೆ ಕೈ ಹಾಕಿದ. "ಬೇಡ ಬೇಡ" ಎಂದು ಕೂಗಿದೆ. ಮೇಲಿನ ಬ್ಯಾಟರಿಯ ಋಣ ತುದಿ ಲಾರಿಯ ಮೈಗಿಂತ 12 ವೋಲ್ಟ್ ಎತ್ತರದಲ್ಲಿರುತ್ತದೆ. ರೇಡಿಯೊದ ಮೈ ಆಂಟೆನಾ ತಂತಿಯ ಮೂಲಕ ಲಾರಿಯ ಮೈಗೆ ತಾಗಿಕೊಂಡಿತ್ತು. ಅವನು ಹಾಗೆ ಕಟ್ಟಿದ್ದರೆ ನೇರ ಶಾರ್ಟ್ ಆಗಿ ವೈರು ಉರಿಯುತ್ತಿತ್ತು. ಆಗ ನೆನಪಾದದ್ದು ಸೆಟ್ಟಿನ ಕಡಿಮೆ ಶಕ್ತಿಯ ಗುಂಡಿ. 5 ವ್ಯಾಟ್‌ಗೆ ಇಳಿಸಿದೆ. ಚಾರ್ಜರು, ದೀಪ ಎಲ್ಲ ಕಿತ್ತು ಹಾಕಿಸಿದೆ. ಮತ್ತೆ ಗುಂಡಿ ಒತ್ತಿದೆ. ಈ ಸಲ ದೀಪ ಆರಲಿಲ್ಲ. ಎತ್ತರದಲ್ಲಿ ನಿಂತ ಆಂಟೆನಾಗೆ 5 ವ್ಯಾಟ್ ಸಾಕಾಯಿತು. "ಕೇಳಿಸಿತು, ಹೊರಟೆ, ಓವರ್" ಎಂದು ಜೀಪಿನ ಗೆಳೆಯರ ದನಿ ಸ್ಪಷ್ಟವಾಗಿ ಬಂತು. ಅರ್ಧ ಗಂಟೆಯೊಳಗೆ ಜೀಪು ಹುಡುಗನ ಬಳಿ ಇತ್ತು. ಮಣಿಕಟ್ಟಿನ ಮೂಳೆ ಸಣ್ಣಗೆ ಬಿರುಕು ಬಿಟ್ಟಿತ್ತು. ಪ್ಲಾಸ್ಟರ್ ಹಾಕಿಸಿಕೊಂಡು ಅವನು ಸಂಜೆ ಕುಂದಾಪುರದ ಕಡಲತೀರದಲ್ಲಿ ಎಲ್ಲರ ಜೊತೆ ಚುರುಮುರಿ ತಿನ್ನುತ್ತಿದ್ದ.

ನಮ್ಮ ಲಾರಿಯನ್ನು ಎಬ್ಬಿಸಿದ್ದು ಕರಾವಳಿಯಿಂದ ಹೆಂಚು ಹೊತ್ತು ಘಾಟಿ ಹತ್ತಿ ಬಂದ ಇನ್ನೊಂದು ಲಾರಿ. ಅವರು ಕೇಳದೆಯೇ ನಿಲ್ಲಿಸಿದರು, ದಪ್ಪ ಕೇಬಲ್ ತೆಗೆದರು, ಎರಡು ಲಾರಿಗಳ ಬ್ಯಾಟರಿ ಜೋಡಿಸಿದರು. ಒಂದೇ ಸಲಕ್ಕೆ ಇಂಜಿನ್ ಗುಡುಗಿತು. ಒಂದು ಲೋಟ ಚಹಾ ಮಾತ್ರ ಕುಡಿದು ಹೊರಟುಬಿಟ್ಟರು. ಘಾಟಿಯಲ್ಲಿರುವ ಚಂಡಿಕಾಂಬ ದೇವಿಯ ಗುಡಿಯ ಮುಂದೆ ಡ್ರೈವರಣ್ಣ ಲಾರಿ ನಿಲ್ಲಿಸಿ ಕೈಮುಗಿದರು. ಈ ದಾರಿಯಲ್ಲಿ ಹೋಗುವ ಡ್ರೈವರುಗಳೆಲ್ಲ ಅಲ್ಲಿ ಒಂದು ಕ್ಷಣ ನಿಲ್ಲುತ್ತಾರೆ. ನಾನೂ ಇಳಿದು ಕೈಮುಗಿದೆ. ಆದರೆ ನಿಜ ಹೇಳಬೇಕೆಂದರೆ, ಇನ್ನೂ ಯಾರಿಗೂ ನಾನು ನಿಜ ಹೇಳಿರಲಿಲ್ಲ.

ಸಿದ್ದಾಪುರ ಮುಟ್ಟಿದಾಗ ಮೊಬೈಲ್ ಸಿಕ್ಕಿತು. ಹೋಟೆಲಿನಲ್ಲಿ ಇಡ್ಲಿ ಮುಂದೆ ಇಟ್ಟುಕೊಂಡು ಸಂಘಟಕರು ಲಾರಿ ಮಾಲೀಕರಿಗೆ ಫೋನ್ ಮಾಡಿದರು. ಮಾಲೀಕರು ಡ್ರೈವರಣ್ಣನನ್ನೇ ಕರೆಸಿ ಬೈದದ್ದು ನನ್ನ ಕಿವಿಗೂ ಬಿತ್ತು. ಹೊರಡುವ ಮೊದಲು ಬ್ಯಾಟರಿ ನೋಡಿಕೊಳ್ಳಲು ಆಗಲಿಲ್ಲವೇ, ಮಕ್ಕಳಿಗೆ ಹೆಚ್ಚುಕಡಿಮೆ ಆಗಿದ್ದರೆ ಯಾರು ಹೊಣೆ, ಹೊಸ ಬ್ಯಾಟರಿಯ ದುಡ್ಡು ನಿನ್ನ ಸಂಬಳದಲ್ಲಿ ಹಿಡಿಯುತ್ತೇನೆ ಎಂದರು. ಡ್ರೈವರಣ್ಣ ನನ್ನ ಕಡೆ ನೋಡಲಿಲ್ಲ. "ಆಯ್ತು ಧಣಿ" ಎಂದಷ್ಟೇ ಹೇಳಿದರು.

ನನಗೆ ಇಡ್ಲಿ ಗಂಟಲಲ್ಲಿ ಇಳಿಯಲಿಲ್ಲ. ಬ್ಯಾಂಕಿನಲ್ಲಿ ಸಂಜೆ ಲೆಕ್ಕ ಕೂಡದಿದ್ದರೆ ಒಂದು ರೂಪಾಯಿಗೂ ರಾತ್ರಿ ಎಂಟರವರೆಗೆ ಕೂತು ಹುಡುಕುತ್ತಿದ್ದೆವು. ತಪ್ಪು ಯಾರದು ಎಂದು ಸಿಕ್ಕಿದ ಮೇಲೆ ಅವರು ಎದ್ದುನಿಂತು "ನನ್ನದು" ಎನ್ನಬೇಕಿತ್ತು. ಸುಮ್ಮನಿದ್ದರೆ ಆ ಬರಹ ಇನ್ನೊಬ್ಬರ ಹೆಸರಿಗೆ ಬೀಳುತ್ತಿತ್ತು. ಕೈ ತೊಳೆಯದೆಯೇ ಎದ್ದು ಫೋನ್ ಕೇಳಿ ಪಡೆದೆ. "ಬ್ಯಾಟರಿ ಇಳಿಸಿದ್ದು ನಾನು. ಒಂದೇ ಬ್ಯಾಟರಿಗೆ ಕಟ್ಟಬೇಡಿ ಎಂಬ ಅರ್ಥದಲ್ಲಿ ನಿಮ್ಮ ಡ್ರೈವರು ಮೊದಲ ದಿನವೇ ಕೇಳಿದ್ದರು. ನಾನು ತಮಾಷೆ ಮಾಡಿ ಹಾರಿಸಿದೆ. ಬ್ಯಾಟರಿ ಕೆಟ್ಟಿದ್ದರೆ ದುಡ್ಡು ನನ್ನದು" ಎಂದೆ. ಸಂಘಟಕರು, ಮಕ್ಕಳು, ಹೋಟೆಲಿನವರು ಎಲ್ಲ ಕೇಳುತ್ತಿದ್ದರು. ಮಾಲೀಕರು ಒಂದು ಕ್ಷಣ ಸುಮ್ಮನಿದ್ದು, "ಬ್ಯಾಟರಿ ಚಾರ್ಜಿಗೆ ಹಾಕಿಸಿ ನೋಡೋಣ ಬಿಡಿ ಸಾರ್. ಅವನಿಗೆ ಫೋನ್ ಕೊಡಿ" ಎಂದರು. ಏನು ಹೇಳಿದರೋ, ಡ್ರೈವರಣ್ಣನ ಮುಖ ತಿಳಿಯಾಯಿತು.

ಮತ್ತೆ ಲಾರಿ ಹತ್ತಿ ಕೂತಾಗ ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ಗೇರು ಹಾಕುತ್ತ, "ನಿಮ್ಮ ಇರುವೆ ಭಾರಿ ಜೋರಿದೆ ಸಾರ್" ಎಂದರು. ಇಬ್ಬರೂ ನಕ್ಕೆವು. ಕುಂದಾಪುರದವರೆಗೂ ನಗು ನಿಲ್ಲಲಿಲ್ಲ.

ಊರಿಗೆ ಮರಳಿದ ಮೇಲೆ ಮಾಡಿದ ಮೊದಲ ಕೆಲಸ ಕನ್ವರ್ಟರ್ ತಂದದ್ದು. ಅದು ಎರಡೂ ಬ್ಯಾಟರಿಗಳಿಂದ ಸಮವಾಗಿ ತೆಗೆದುಕೊಂಡು 12 ವೋಲ್ಟ್ ಕೊಡುತ್ತದೆ. ಗಾಡಿ ಓಡಿದರೆ ಒಂದು ಬ್ಯಾಟರಿ ಮತ್ತೆ ತುಂಬಿಕೊಳ್ಳುವುದಿಲ್ಲವೇ ಎಂದು ನೀವು ಕೇಳಬಹುದು. ಚಾರ್ಜು ಮಾಡುವ ಯಂತ್ರ ನೋಡುವುದು ಎರಡರ ಒಟ್ಟು ಮೊತ್ತವನ್ನು ಮಾತ್ರ. ಎರಡಕ್ಕೂ ಹರಿಯುವ ವಿದ್ಯುತ್ತು ಒಂದೇ. ಹಾಗಾಗಿ ತುಂಬಿದ್ದು ಅತಿಯಾಗಿ ತುಂಬಿ ಕೆಡುತ್ತದೆ, ಖಾಲಿಯಾದದ್ದು ಅರೆಹೊಟ್ಟೆಯಲ್ಲೇ ಉಳಿದು ಕೆಡುತ್ತದೆ. ಜೊತೆಗೆ ಚಿಕ್ಕದೊಂದು ವೋಲ್ಟ್ ಮೀಟರನ್ನು ಡ್ರೈವರಣ್ಣನ ಕಣ್ಣೆದುರಿಗೇ ಕೂರಿಸಿದೆ. ಆ ಬ್ಯಾಟರಿ ಚಾರ್ಜಿಗೆ ಹಾಕಿದ ಮೇಲೆ ಚೇತರಿಸಿಕೊಂಡಿತು, ಪುಣ್ಯ.

ಮುಂದಿನ ವರ್ಷದ ಯಾತ್ರೆಗೆ ಅದೇ ಲಾರಿ, ಅದೇ ಡ್ರೈವರಣ್ಣ, ಅದೇ ಸೆಟ್ಟು. ವೈರಿಗೆ ಕೈ ಹಾಕುವ ಮೊದಲು ನಾನು ಅವರನ್ನು ಕರೆದು, "ನೋಡಿ, ಹೀಗೆ ಕಟ್ಟುತ್ತಿದ್ದೇನೆ, ಸರಿ ಇದೆಯಾ?" ಎಂದು ಕೇಳಿದೆ. ಅವರು ಟಾರ್ಚ್ ಹಿಡಿದು ಬ್ಯಾಟರಿ ಪೆಟ್ಟಿಗೆಯಿಂದ ಚಾವಣಿಯವರೆಗೆ ಇಡೀ ವೈರನ್ನು ಬೆರಳಲ್ಲಿ ಸವರುತ್ತ ಬಂದರು. ಒಂದು ಕಡೆ ನಿಂತು, "ಇಲ್ಲಿ ಬಾಗಿಲು ಹಾಕಿದಾಗ ವೈರು ಜಜ್ಜುತ್ತೆ ಸಾರ್" ಎಂದರು. ನೋಡಿದೆ. ಹೌದು, ಜಜ್ಜುತ್ತಿತ್ತು. ಬಿಚ್ಚಿ ಬೇರೆ ಕಡೆಯಿಂದ ಕಟ್ಟಿದೆ.

ಕಥೆ ಮುಗಿದಾಗ ಮೊಮ್ಮಗಳು ಕಡ್ಡಿಯನ್ನು ಬಟ್ಟೆಯಲ್ಲಿ ಒರೆಸಿ ಮತ್ತೆ ಪೆಟ್ಟಿಗೆಯಲ್ಲಿ ಇಟ್ಟಳು. ಬರುವ ಜೂನಿಗೆ ಅವಳಿಗೆ ಹನ್ನೆರಡು ತುಂಬುತ್ತದೆ. "ಅಜ್ಜ, ಪರೀಕ್ಷೆ ಪುಸ್ತಕ ಎಲ್ಲಿದೆ?" ಎಂದು ಕೇಳಿದ್ದಾಳೆ. ಹುಡುಕುತ್ತಿದ್ದೇನೆ.